ಅಮ್ಮನ ಹೆಸರಿನ ಗುಲಾಬಿ

ನಮ್ಮ ಹಿತ್ತಿಲಲ್ಲಿ 'ಪೀಸ್' ಗುಲಾಬಿಯಿದೆ. ಹಳದಿ ಎಸಳು, ಅಂಚಿಗೆ ನಸುಗೆಂಪು. ಫ್ರಾನ್ಸಿನ ಫ್ರಾನ್ಸಿಸ್ ಮೆಯಾಂ 1935ರಲ್ಲಿ ಮಾಡಿದ ಬೆರಕೆಯಿಂದ ಹುಟ್ಟಿದ ತಳಿ ಇದು. 1939ರಲ್ಲಿ ಇದರ ಕಸಿಕಡ್ಡಿಗಳು ಅಮೆರಿಕಕ್ಕೆ ಹೋದವು. ಯುದ್ಧ ಮುಗಿಯುತ್ತ ಬಂದಿದ್ದ 1945ರ ಏಪ್ರಿಲ್ 29ರಂದು ಅಲ್ಲಿ ಅದಕ್ಕೆ 'ಪೀಸ್', ಅಂದರೆ ಶಾಂತಿ, ಎಂದು ಹೆಸರಿಟ್ಟರು.

ಫ್ರಾನ್ಸಿನಲ್ಲಿ ಮಾತ್ರ ಅದು 'ಮದಾಂ ಎ. ಮೆಯಾಂ', ಫ್ರಾನ್ಸಿಸನ ತಾಯಿಯ ಹೆಸರು. ಆ 'ಎ' ಕೂಡ ಗಂಡ ಆಂತ್ವಾನನದು! ಆಕೆಯ ಸ್ವಂತ ಹೆಸರು ಕ್ಲೋದಿಯಾ.

ನಮ್ಮ ಗಿಡಕ್ಕೆ ಕಸಿ ಕಟ್ಟಿದ್ದು ಅಮ್ಮ. ಕಾಡುಗುಲಾಬಿಯ ತೊಗಟೆ ಸೀಳಿ ಕಣ್ಣು ಕೂರಿಸಿದಳು. ಕಸಿಯ ಕೆಳಗೆ ಬಂದ ಕಾಡುಚಿಗುರನ್ನು ಬುಡದಿಂದಲೇ ಕಿತ್ತಳು. ಮಳೆ ನಿಂತ ಮೇಲೆ ಕೊಂಬೆ ಸವರಿ, ಸಗಣಿಗೊಬ್ಬರ ಹಾಕಿ ಸಾಕಿದಳು. ಬೀದಿಯವರು ಇಂದಿಗೂ ಅದನ್ನು 'ಮೇಷ್ಟ್ರ ಮನೆ ಗುಲಾಬಿ' ಎನ್ನುತ್ತಾರೆ. ಮೇಷ್ಟ್ರು, ನಮ್ಮ ಅಪ್ಪ, ಒಂದು ದಿನವೂ ಅದಕ್ಕೆ ನೀರು ಹಾಕಿದವರಲ್ಲ.