ರೂಪಾಯಿಗೆ ಎಷ್ಟು ಪೆನ್ಸು?

ವಿನಿಮಯದ ದರವೆಂದೊಡನೆ ಅದು ಬ್ಯಾಂಕಿನವರಿಗೂ ದೊಡ್ಡ ವರ್ತಕರಿಗೂ ಸೇರಿದ ವಿಷಯ, ಸಾಮಾನ್ಯ ಗೃಹಸ್ಥನಿಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂದು ಬಹುಮಂದಿ ಭಾವಿಸುತ್ತಾರೆ. ಇಂಡಿಯಾದ ರೂಪಾಯಿಗೂ ಇಂಗ್ಲೆಂಡಿನ ಪೌನಿಗೂ ಇದ್ದ ಸಂಬಂಧದ ಚರಿತ್ರೆಯನ್ನು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಆ ದರ ಏರಿದಾಗಲೂ ಇಳಿದಾಗಲೂ ಅದರ ಭಾರ ಯಾವುದೋ ಹಳ್ಳಿಯ ಮನೆಯ ಮೇಲೆ ಬಿದ್ದೇ ಇದೆ.

ಮೊದಲು ಲೆಕ್ಕದ ಮಾತು. ಆಗಿನ ಪೌನಿಗೆ 20 ಷಿಲ್ಲಿಂಗು. ಷಿಲ್ಲಿಂಗಿಗೆ 12 ಪೆನ್ಸು. ಒಂದು ರೂಪಾಯಿಗೆ ಎಷ್ಟು ಪೆನ್ಸು ದೊರೆಯುತ್ತದೆ ಎಂಬುದೇ ಆಗಿನ ದರ. ಪೆನ್ಸು ಹೆಚ್ಚಾದರೆ ರೂಪಾಯಿಯ ಬೆಲೆ ಏರಿತೆಂದೂ ಕಡಮೆಯಾದರೆ ಇಳಿಯಿತೆಂದೂ ಅರ್ಥ.

ಈಸ್ಟ್ ಇಂಡಿಯಾ ಕಂಪೆನಿಯು 1835ರಲ್ಲಿ ತನ್ನ ಆಡಳಿತಕ್ಕೆ ಒಳಪಟ್ಟ ಪ್ರಾಂತಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿತು. ಅದರ ತೂಕ ಒಂದು ತೊಲ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿಯನ್ನು ಒಯ್ದು, ಅಚ್ಚಿನ ಕೂಲಿ ಕೊಟ್ಟು, ರೂಪಾಯಿಗಳನ್ನು ಪಡೆಯಬಹುದಾಗಿದ್ದಿತು. ಇಂಗ್ಲೆಂಡಿನ ನಾಣ್ಯವಾದರೋ ಚಿನ್ನದ್ದು. ಆದುದರಿಂದ ರೂಪಾಯಿ ಮತ್ತು ಪೌನುಗಳ ದರವೆಂದರೆ ಬೆಳ್ಳಿ ಮತ್ತು ಚಿನ್ನಗಳ ಧಾರಣೆಯೇ ಆಗಿದ್ದಿತು. ಹಲವು ದಶಕಗಳ ಕಾಲ ರೂಪಾಯಿಗೆ ಸುಮಾರು 2 ಷಿಲ್ಲಿಂಗು, ಅಂದರೆ ಪೌನಿಗೆ ಹತ್ತು ರೂಪಾಯಿ.

1871ರಿಂದ ಮುಂದಕ್ಕೆ ಜರ್ಮನಿಯು ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯವನ್ನು ಹಿಡಿಯಿತು. ಯೂರೋಪಿನ ಇತರ ದೇಶಗಳೂ ಅದೇ ದಾರಿಯಲ್ಲಿ ನಡೆದುವು. ಅಮೆರಿಕದ ಗಣಿಗಳಿಂದ ಹೊಸ ಬೆಳ್ಳಿ ಹರಿದುಬಂದಿತು. 1871-72ರಲ್ಲಿ ಸುಮಾರು 23 ಪೆನ್ಸಿದ್ದ ರೂಪಾಯಿ 1892-93ರ ವೇಳೆಗೆ ಸುಮಾರು 15 ಪೆನ್ಸಿಗೆ ಇಳಿಯಿತು.

ಇದರಿಂದ ಸರ್ಕಾರಕ್ಕೆ ಸಂಕಟವಾಯಿತು. ಸಾಲದ ಬಡ್ಡಿ, ರೈಲ್ವೆ ಕಂಪೆನಿಗಳಿಗೆ ಭರವಸೆಯಿತ್ತ ಲಾಭ, ಅಧಿಕಾರಿಗಳ ನಿವೃತ್ತಿ ವೇತನ ಇವುಗಳಿಗಾಗಿ ಇಂಡಿಯಾ ಪ್ರತಿವರ್ಷವೂ ಲಂಡನ್ನಿನಲ್ಲಿ ಪೌನುಗಳನ್ನು ತೆರಬೇಕಾಗಿದ್ದಿತು. ರೂಪಾಯಿ 2 ಷಿಲ್ಲಿಂಗಾಗಿದ್ದಾಗ ಒಂದು ಕೋಟಿ ಪೌನನ್ನು ಸಲ್ಲಿಸಲು 10 ಕೋಟಿ ರೂಪಾಯಿ ಸಾಕು. 15 ಪೆನ್ಸಿಗೆ ಇಳಿದಾಗ 16 ಕೋಟಿ ಬೇಕು. ಹೆಚ್ಚಿನ ಆರು ಕೋಟಿ ತೆರಿಗೆಯಿಂದಲ್ಲದೆ ಬೇರೆಲ್ಲಿಂದ ಬರಬೇಕು?

ಸರ್ಕಾರವು 1893ರ ಜೂನ್ 26ರಂದು ಟಂಕಸಾಲೆಯ ಬಾಗಿಲನ್ನು ಜನರಿಗೆ ಮುಚ್ಚಿತು. ರೂಪಾಯಿ ವಿರಳವಾದಂತೆ ಅದರ ಬೆಲೆ ಏರುವುದೆಂಬುದು ಲೆಕ್ಕಾಚಾರ. ಕೆಲವು ವರ್ಷಗಳಲ್ಲಿ ಅದು ಫಲಿಸಿತು. 1899ರ ಕಾನೂನು ಒಂದು ಸವರನ್ನಿಗೆ 15 ರೂಪಾಯಿ, ಎಂದರೆ ರೂಪಾಯಿಗೆ 1 ಷಿಲ್ಲಿಂಗು 4 ಪೆನ್ಸು, ಎಂದು ನಿಗದಿಮಾಡಿತು. ಆದರೆ ನಮ್ಮ ರೈತನ ಉಳಿತಾಯ ಬ್ಯಾಂಕಿನಲ್ಲಿರಲಿಲ್ಲ. ಹೆಂಡತಿಯ ಕಡಗ, ಡಾಬು, ಕಾಲಂದುಗೆಗಳಲ್ಲಿದ್ದಿತು. ನಿನ್ನೆಯವರೆಗೆ ಒಂದು ತೊಲ ಬೆಳ್ಳಿ ಹೆಚ್ಚುಕಡಮೆ ಒಂದು ರೂಪಾಯಿಯೇ ಆಗಿದ್ದಿತು. ಇಂದಿನಿಂದ ಅದು ಬರಿಯ ಲೋಹ. ಬರಗಾಲದಲ್ಲಿ ಒಡವೆಯನ್ನು ಮಾರಹೋದವನಿಗೆ ಈ ಅಂತರ ತಿಳಿಯಿತು. ಅದೇ 1893ರಲ್ಲಿ, ವಿನಿಮಯದಿಂದ ನಷ್ಟಪಟ್ಟ ಯೂರೋಪಿಯನ್ ಅಧಿಕಾರಿಗಳಿಗೆ ಸರ್ಕಾರವು ಪರಿಹಾರದ ಭತ್ಯವನ್ನು ಮಂಜೂರು ಮಾಡಿತು. ಬೆಳ್ಳಿಯ ಕಡಗಕ್ಕೆ ಅಂತಹ ಭತ್ಯವಿರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಬಹಳವಾಗಿ ಏರಿ, ರೂಪಾಯಿಯೂ ಅದರೊಡನೆ ಮೇಲೇರಿತು. 1920ರಲ್ಲಿ ಸರ್ಕಾರವು ಚಿನ್ನದ 2 ಷಿಲ್ಲಿಂಗಿನ ದರವನ್ನು ನಿಲ್ಲಿಸಲು ಹೊರಟಿತು. ಧಾರಣೆಗಳು ಕುಸಿದುವು, ಕೋಟ್ಯಂತರ ಪೌನುಗಳನ್ನು ಮಾರಿದರೂ ಆ ದರ ನಿಲ್ಲಲಿಲ್ಲ. ಅದನ್ನು ನಂಬಿ ವಿಲಾಯತಿಯ ಸರಕನ್ನು ತರಿಸಲು ಒಪ್ಪಿದ್ದ ವರ್ತಕರನೇಕರು ಹಣ ತೆರಲಾರದೆ ಕೈಚೆಲ್ಲಿದರು.

ಅನಂತರ ಬಂದುದೇ ಎರಡು ಪೆನ್ಸಿನ ಜಗಳ. ಹಿಲ್ಟನ್ ಯಂಗ್ ಆಯೋಗವು 1926ರಲ್ಲಿ 1 ಷಿಲ್ಲಿಂಗು 6 ಪೆನ್ಸನ್ನು ಶಿಫಾರಸು ಮಾಡಿತು. ಸದಸ್ಯರಲ್ಲೊಬ್ಬರಾದ ಪುರುಷೋತ್ತಮದಾಸ್ ಠಾಕುರದಾಸರು, ಹಳೆಯ 4 ಪೆನ್ಸಿನ ದರವೇ ಇರಬೇಕೆಂದು ಭಿನ್ನಾಭಿಪ್ರಾಯವನ್ನು ಬರೆದರು. ಎರಡು ಪೆನ್ಸಿಗೆ ಇಷ್ಟು ಗದ್ದಲವೇ ಎನ್ನಬಹುದು. ಆದರೆ ಲಂಡನ್ನಿನಲ್ಲಿ ಒಂದು ಪೌನಿಗೆ ಮಾರಾಟವಾದ ಹತ್ತಿಗೆ ಹಳೆಯ ದರದಲ್ಲಿ 15 ರೂಪಾಯಿ ಬರುತ್ತಿದ್ದಿತು. ಹೊಸ ದರದಲ್ಲಿ ಬರುವುದು 13 ರೂಪಾಯಿ 5 ಆಣೆ 4 ಪೈ. ಬೆಳೆದವನ ಕೈಯಿಂದ ಒಂಬತ್ತರಲ್ಲೊಂದು ಪಾಲು ಜಾರಿತು. ಅವನು ತೆರುವ ಕಂದಾಯವಾಗಲಿ ಸಾಹುಕಾರನ ಸಾಲವಾಗಲಿ ಒಂದು ಕಾಸೂ ತಗ್ಗಲಿಲ್ಲ. ಪರದೇಶದ ಸರಕನ್ನು ಕೊಳ್ಳುವವನಿಗೂ, ಲಂಡನ್ನಿಗೆ ಹಣ ಕಳುಹಿಸುವ ಸರ್ಕಾರಕ್ಕೂ ಅದೇ ಪಾಲು ಲಾಭ. 1927ರಲ್ಲಿ 6 ಪೆನ್ಸಿನ ದರವೇ ಕಾನೂನಾಯಿತು.

1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನವನ್ನು ಬಿಟ್ಟಿತು. ರೂಪಾಯಿಯನ್ನು ಅದೇ ದರದಲ್ಲಿ ಪೌನಿಗೇ ಕಟ್ಟಲಾಯಿತು. ಚಿನ್ನದ ಬೆಲೆ ಏರಿತು. ಬೆಳೆಯ ಬೆಲೆ ಬಿದ್ದು ಕಂಗೆಟ್ಟಿದ್ದ ಸಂಸಾರಗಳು ಒಡವೆಗಳನ್ನು ಮಾರಿದುವು. ಆ ಚಿನ್ನ ಹಡಗೇರಿ ಹೊರದೇಶಗಳಿಗೆ ಹೋಯಿತು.

1947ರಲ್ಲಿ ಸ್ವಾತಂತ್ರ್ಯ ಬಂದರೂ ಈ ದರ ಬದಲಾಗಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಪೌನು ಡಾಲರಿನೆದುರು ಇಳಿದಾಗ ರೂಪಾಯಿಯೂ ಜೊತೆಯಲ್ಲಿಯೇ ಇಳಿಯಿತು. 1966ರ ಜೂನಿನಲ್ಲಿ ಇಂಡಿಯಾ ತಾನಾಗಿ ರೂಪಾಯಿಯ ಬೆಲೆಯನ್ನು ತಗ್ಗಿಸಿದಾಗ ಪೌನಿಗೆ 21 ರೂಪಾಯಿಯಾಯಿತು. 1967ರ ನವೆಂಬರಿನಲ್ಲಿ ಪೌನು ಮತ್ತೆ ಇಳಿದಿತು. ಈ ಸಲ ರೂಪಾಯಿ ಹಿಂಬಾಲಿಸಲಿಲ್ಲ, ದರ 18 ರೂಪಾಯಿಗೆ ಬಂದಿತು. ಕೊನೆಗೆ 1975ರ ಸೆಪ್ಟೆಂಬರಿನಲ್ಲಿ ಪೌನಿನೊಡನೆ ಹಾಕಿದ್ದ ಗಂಟು ಬಿಚ್ಚಿತು.

ದರ ಏರುವುದೇ ಒಳ್ಳೆಯದು, ಇಳಿಯುವುದೇ ಕೆಟ್ಟದ್ದು ಎಂದು ಈ ಚರಿತ್ರೆ ಹೇಳುವುದಿಲ್ಲ. ಇಳಿದಾಗ ತೆರಿಗೆ ಕೊಡುವವನು ನೊಂದನು. ಏರಿಸಿದಾಗ ಬೆಳೆಯುವವನು ನೊಂದನು. ಇಬ್ಬರೂ ಬಹುಮಟ್ಟಿಗೆ ಒಬ್ಬನೇ. ದರವನ್ನು ಗೊತ್ತುಮಾಡುವ ಮೇಜಿನ ಬಳಿ ಅವನಿಗೆ ಸ್ಥಳವಿರಲಿಲ್ಲವೆಂಬುದೇ ಇದರ ಸಾರ. ಪತ್ರಿಕೆಯಲ್ಲಿ ರೂಪಾಯಿಯ ದರವನ್ನು ಓದುವಾಗ, ಅದು ಎಷ್ಟೆಂಬುದರ ಜೊತೆಗೆ ಯಾರ ಲೆಕ್ಕಕ್ಕೆ ಬಿದ್ದಿತೆಂಬುದನ್ನೂ ಕೇಳುವ ಅಭ್ಯಾಸ ನಮಗೆ ಬರಬೇಕು.