ಆರ್‌ಎಂ12 ಜೆಟ್ ಎಂಜಿನ್

ಸ್ವೀಡನ್ನಿನ ಗ್ರಿಪೆನ್ ಯುದ್ಧವಿಮಾನದ ಎಂಜಿನ್ ಆರ್‌ಎಂ12. ಇದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಫ್404 ಎಂಜಿನ್ನಿನ ಮಾರ್ಪಟ್ಟ ರೂಪ. ಅದೇ ಕಂಪನಿಯ ಜೊತೆಗೂಡಿ ಇದನ್ನು ರೂಪಿಸಿದ್ದು ವೋಲ್ವೊ ಸಮೂಹದ ಎಂಜಿನ್ ಸಂಸ್ಥೆ. ಮೂಲ ಎಫ್404 ಹುಟ್ಟಿದ್ದು ನೌಕಾಪಡೆಯ ಎಫ್/ಎ-18 ಹಾರ್ನೆಟ್‌ಗಾಗಿ. ಆ ವಿಮಾನಕ್ಕೆ ಎರಡು ಎಂಜಿನ್. ಒಂದು ಕೈಕೊಟ್ಟರೆ ಇನ್ನೊಂದರ ಬಲದಲ್ಲಿ ಹಡಗಿಗೆ ಮರಳಬಹುದು. 1988ರ ಡಿಸೆಂಬರಿನಲ್ಲಿ ಮೊದಲು ಹಾರಿದ ಗ್ರಿಪೆನ್‌ಗೆ ಇರುವುದು ಒಂದೇ. ಆರ್‌ಎಂ12ರ ಮಾತು ಬಂದಾಗ ಸಾಮಾನ್ಯವಾಗಿ ಮೊದಲು ಹೇಳುವುದು ನೂಕುಬಲದ ಲೆಕ್ಕ: ಆಫ್ಟರ್‌ಬರ್ನರ್ ಉರಿಯುವಾಗ ಸುಮಾರು 71 ಕಿಲೋನ್ಯೂಟನ್ ಇದ್ದದ್ದು ಸುಮಾರು 80ಕ್ಕೆ ಏರಿತು. ಲೆಕ್ಕ ಸರಿಯೇ. ಆದರೆ ಮಾರ್ಪಾಡಿನ ತಿರುಳು ಅದಲ್ಲ. ಜೊತೆಗೊಂದು ಎಂಜಿನ್ ಇದ್ದೇ ಇದೆ ಎಂಬ ಭರವಸೆಯ ಮೇಲೆ ನಿಂತಿದ್ದ ವಿನ್ಯಾಸದಿಂದ ಆ ಭರವಸೆಯನ್ನೇ ತೆಗೆದುಹಾಕಿದ್ದು ಹೆಚ್ಚು ಕಷ್ಟದ, ಹೆಚ್ಚು ಮುಖ್ಯವಾದ ಕೆಲಸ.

ಬದಲಾವಣೆಗಳು ಎಲ್ಲಿ ಆದವು ಎಂದು ನೋಡಿದರೆ ಇದು ತಿಳಿಯುತ್ತದೆ. ಹೆಚ್ಚು ಗಾಳಿ ಸೆಳೆಯುವಂತೆ ಫ್ಯಾನ್ ಬದಲಾಯಿತು, ಟರ್ಬೈನ್ ಇನ್ನಷ್ಟು ಬಿಸಿ ತಾಳುವಂತಾಯಿತು, ಇವು ನೂಕುಬಲಕ್ಕಾಗಿ. ಆದರೆ ಹಕ್ಕಿ ಬಡಿದರೂ ಚೂರಾಗದಂತೆ ಅದೇ ಫ್ಯಾನನ್ನು ಗಟ್ಟಿಗೊಳಿಸಲಾಯಿತು. ಉರಿ ಆರಿದರೆ ಮತ್ತೆ ಹೊತ್ತಿಸುವ ವ್ಯವಸ್ಥೆ ಜೋಡಿಯಾಯಿತು. ಇಂಧನ ನಿಯಂತ್ರಿಸುವ ವಿದ್ಯುನ್ಮಾನ ಸಾಧನ ಕೆಟ್ಟರೆ ವಿಮಾನವನ್ನು ನೆಲ ಮುಟ್ಟಿಸಲು ಬದಲಿ ನಿಯಂತ್ರಣ ಬಂತು. ಹಾರ್ನೆಟ್‌ನಲ್ಲಿ ಇಂಥ ದೋಷ ಒಂದು ಎಂಜಿನ್ನಿನ ತೊಂದರೆ. ಗ್ರಿಪೆನ್‌ನಲ್ಲಿ ಇಡೀ ವಿಮಾನದ್ದು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆಯಿದೆ. ಎರಡು ಎಂಜಿನ್ನಿನ ಎಫ್-15ಕ್ಕಾಗಿ ಮಾಡಿದ ಎಫ್100 ಎಂಜಿನ್ನನ್ನೇ ಒಂಟಿ ಎಂಜಿನ್ನಿನ ಎಫ್-16ಕ್ಕೂ ಆರಿಸಿದರು. ಕಂಪ್ರೆಸರ್‌ನಲ್ಲಿ ಗಾಳಿಯ ಹರಿವು ತಡವರಿಸಿ ಎಂಜಿನ್ ಚೇತರಿಸಿಕೊಳ್ಳದೆ ಉಳಿಯುವ ದೋಷ ಎಫ್-15ರಲ್ಲಿ ಕಿರಿಕಿರಿಯಾಗಿತ್ತು, ಎಫ್-16ರಲ್ಲಿ ಪ್ರಾಣಕ್ಕೇ ಎರವಾಗಬಲ್ಲದ್ದಾಯಿತು. ಬದಲಿ ಇಂಧನ ನಿಯಂತ್ರಣ ಜೋಡಿಸಿದ್ದು, ಕೊನೆಗೆ ಡಿಜಿಟಲ್ ನಿಯಂತ್ರಣಕ್ಕೆ ಹೋದದ್ದು ಈ ಕಾರಣಕ್ಕೆ. ಹೊಣೆ ಎಂಜಿನ್ ಒಂದರದ್ದೇ ಅಲ್ಲ. ಎಫ್-16ರ ರೆಕ್ಕೆ, ಬಾಲದ ಹಲಗೆಗಳು ಚಲಿಸುವುದು ಎಂಜಿನ್ ಓಡಿಸುವ ಪಂಪು, ಜನರೇಟರುಗಳಿಂದ. ಎಂಜಿನ್ ನಿಂತರೆ ವಿಮಾನ ಮಾತು ಕೇಳುವುದಿಲ್ಲ. ಅದಕ್ಕೆಂದೇ ಹೈಡ್ರಜೀನ್ ಎಂಬ ವಿಷಕಾರಿ ಇಂಧನದಿಂದ ಓಡುವ ಪುಟ್ಟ ತುರ್ತು ಘಟಕವೊಂದು ಅದರಲ್ಲಿದೆ. ಅದು ತಾನಾಗಿಯೇ ಚಾಲೂ ಆಗುತ್ತದೆ.

ಇಷ್ಟೆಲ್ಲ ಪಾಡು ಪಡುವ ಬದಲು ಎರಡು ಎಂಜಿನ್ ಇಡಬಾರದೇ ಎಂಬ ಆಕ್ಷೇಪ ಸಹಜ. ಎರಡಿಟ್ಟರೆ ತೂಕ, ಇಂಧನ, ದುರಸ್ತಿಯ ಖರ್ಚು ಎಲ್ಲವೂ ಏರುತ್ತವೆ. ಹೆದ್ದಾರಿಯ ತುಂಡಿನ ಮೇಲೆ ಇಳಿದು, ಕೆಲವೇ ಸಿಬ್ಬಂದಿಯ ಕೈಯಲ್ಲಿ ಮತ್ತೆ ಸಜ್ಜಾಗಬೇಕಾದ ಸ್ವೀಡನ್ನಿನ ವಿಮಾನಕ್ಕೆ ಅದು ಹೊಂದದು. ಮಾರ್ಪಾಡಿನಿಂದ ಅಪಾಯ ಪೂರ್ತಿ ನೀಗುವುದೂ ಇಲ್ಲ. 2018ರ ಆಗಸ್ಟಿನಲ್ಲಿ ರೊನ್ನೆಬಿ ಬಳಿ ಹಕ್ಕಿಗಳಿಗೆ ಡಿಕ್ಕಿ ಹೊಡೆದು ಗ್ರಿಪೆನ್ ಒಂದು ಬಿತ್ತು. ಪೈಲಟ್ ಹೊರಜಿಗಿದು ಬದುಕಿದರು. ಗಟ್ಟಿಗೊಳಿಸಿದ ಫ್ಯಾನಿಗೂ ಒಂದು ಮಿತಿಯಿದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪರರ ಎಂಜಿನ್ ಎಂದರೆ ಪರರ ಅಂಕೆ. ಹಿಂದಿನ ವಿಗ್ಗೆನ್ ವಿಮಾನದ ಆರ್‌ಎಂ8 ಕೂಡ ಅಮೆರಿಕದ ಪ್ರಯಾಣಿಕ ವಿಮಾನದ ಎಂಜಿನ್ ಜೆಟಿ8ಡಿಯಿಂದ ಬಂದದ್ದು. ಹಾಗಾಗಿಯೇ 1978ರಲ್ಲಿ ಭಾರತಕ್ಕೆ ವಿಗ್ಗೆನ್ ಮಾರಲು ಅಮೆರಿಕ ಒಪ್ಪಲಿಲ್ಲ, ನಾವು ಜಾಗ್ವಾರ್ ಕೊಂಡೆವು. ಆದರೂ ಸ್ವಂತ ಎಂಜಿನ್ನಿಗಾಗಿ ಕಾಯುವುದು ಸಲೀಸಾದ ದಾರಿಯಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ಕಾವೇರಿ ಎಂಜಿನ್ ಬೇಕಾದ ನೂಕುಬಲ ಮುಟ್ಟದೆ 2008ರಲ್ಲಿ ಭಾರತದ ತೇಜಸ್ ಯುದ್ಧವಿಮಾನದ ಯೋಜನೆಯಿಂದ ಬೇರೆಯಾಯಿತು. ತೇಜಸ್ 2001ರಲ್ಲಿ ಮೊದಲು ಹಾರಿದ್ದೂ ಎಫ್404 ಬಲದಿಂದಲೇ. ಇಂದು ಅದರಲ್ಲಿರುವ ಎಫ್404-ಐಎನ್20 ಕೂಡ ಒಂಟಿ ಎಂಜಿನ್ನಿಗೆಂದು ಹದಗೊಳಿಸಿದ ರೂಪವೇ. ಕಾಯುವುದು ಮಾತ್ರ ಇಲ್ಲೂ ತಪ್ಪಿಲ್ಲ: ತೇಜಸ್ ತಯಾರಿಸುವ ಎಚ್‌ಎಎಲ್ 2021ರಲ್ಲಿ ಕೇಳಿದ 99 ಎಂಜಿನ್ನುಗಳಲ್ಲಿ ಮೊದಲನೆಯದನ್ನು ಜನರಲ್ ಎಲೆಕ್ಟ್ರಿಕ್ ಕೊಟ್ಟದ್ದು 2025ರ ಮಾರ್ಚಿನಲ್ಲಿ.