ಮಗುವಿನ ಪಾಲು, ಮನೆಯ ಲೆಕ್ಕ: ಖಲೀಫ ಉಮರ್‌ರ ದೀವಾನ್ ಮತ್ತು ಬ್ರಿಟನ್ನಿನ ಮಕ್ಕಳ ಭತ್ಯೆ

ರಾಜ್ಯವು ತನ್ನ ಬೊಕ್ಕಸದಿಂದ ಮಗುವಿಗೊಂದು ಪಾಲು ನೀಡಲು ನಿರ್ಧರಿಸಿದಾಗ ಅದರ ಜೊತೆಗೆ ಷರತ್ತುಗಳನ್ನೂ ವಿಧಿಸುತ್ತದೆ. ಎಷ್ಟು ವಯಸ್ಸಿನಿಂದ? ಯಾರ ಕೈಗೆ? ಎಷ್ಟು ಆದಾಯದವರೆಗೆ? ದಫ್ತರದಲ್ಲಿ ಇವು ಒಂದೊಂದು ಸಾಲಿನ ಮಾತುಗಳು. ಆದರೆ ಅದೇ ಸಾಲು ಮನೆಯ ಹೊಸ್ತಿಲು ದಾಟಿ ಒಳಬಂದಾಗ ಅದರ ಭಾರವು ಹೆಚ್ಚಾಗಿ ತಾಯಿಯ ಮೇಲೆಯೇ ಬೀಳುತ್ತದೆ. ಇದನ್ನು ಮನಗಾಣಿಸುವ ಎರಡು ಪ್ರಸಂಗಗಳನ್ನು ನಾವಿಲ್ಲಿ ಅವಲೋಕಿಸೋಣ. ಒಂದು ಏಳನೆಯ ಶತಮಾನದ ಮದೀನದ್ದು, ಇನ್ನೊಂದು ನಮ್ಮ ಕಾಲದ ಬ್ರಿಟನ್ನಿನದ್ದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ವಾದಿಸುವುದಿಲ್ಲ. ಎರಡೂ ಒಂದೇ ಪಾಠವನ್ನು ಹೇಳುತ್ತವೆ ಎಂಬುದಷ್ಟೇ ನಮ್ಮ ಮಾತು.

ಹಝ್ರತ್ ಉಮರ್(ರ)ರವರು ಕ್ರಿ.ಶ. 634ರಿಂದ 644ರವರೆಗೆ ಖಲೀಫರಾಗಿದ್ದರು. ಇರಾಕ್, ಸಿರಿಯಾ ಮತ್ತು ಈಜಿಪ್ಟ್‌ಗಳಿಂದ ಬೈತುಲ್ ಮಾಲ್‌ಗೆ ಸಂಪತ್ತು ಹರಿದುಬಂದಾಗ ಅದನ್ನು ಜನರಿಗೆ ಹಂಚಲು ಅವರು ದೀವಾನ್ ಎಂಬ ದಾಖಲೆಯ ವ್ಯವಸ್ಥೆಯನ್ನು ಸ್ಥಾಪಿಸಿದರು. ವಂಶಾವಳಿಯನ್ನು ಬಲ್ಲ ಅಕೀಲ್ ಬಿನ್ ಅಬೀತಾಲಿಬ್, ಮಖ್ರಮ ಬಿನ್ ನೌಫಲ್ ಮತ್ತು ಜುಬೈರ್ ಬಿನ್ ಮುತ್‌ಇಮ್‌ರವರಿಗೆ ಹೆಸರುಗಳನ್ನು ಬರೆಯುವ ಹೊಣೆಯನ್ನು ಒಪ್ಪಿಸಲಾಯಿತು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೆ ಸಲ್ಲಬೇಕಾದ ವಾರ್ಷಿಕ ಭತ್ಯೆಯನ್ನು ನಮೂದಿಸಲಾಗುತ್ತಿತ್ತು. ಮಕ್ಕಳಿಗೂ ಭತ್ಯೆಯಿತ್ತು. ಆದರೆ ಆರಂಭದಲ್ಲಿ ಅದು ಎದೆಹಾಲು ಬಿಟ್ಟ ಮಗುವಿಗೆ ಮಾತ್ರ ಮೀಸಲಾಗಿತ್ತು.

ಮುಂದಿನ ಘಟನೆಯನ್ನು ಇಬ್ನು ಸಅದ್‌ರಂತಹ ಆರಂಭಕಾಲದ ಇತಿಹಾಸಕಾರರು ವರದಿ ಮಾಡಿದ್ದಾರೆ. ಮದೀನದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ಆ ರಾತ್ರಿ ಅವರ ಕಾವಲಿಗೆ ಖಲೀಫರು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರೊಂದಿಗೆ ಸ್ವತಃ ಹೊರಟರು. ಮಗುವೊಂದರ ಅಳು ಕೇಳಿಸಿತು. ಅವರು ತಾಯಿಯ ಬಳಿ ಹೋಗಿ ಮಗುವನ್ನು ಸಮಾಧಾನಪಡಿಸುವಂತೆ ಹೇಳಿ ಮರಳಿದರು. ಅಳು ನಿಲ್ಲಲಿಲ್ಲ. ಮತ್ತೆ ಹೋಗಿ ಹೇಳಿದರೂ ಫಲವಾಗಲಿಲ್ಲ. ರಾತ್ರಿಯ ಕೊನೆಯ ಜಾವದಲ್ಲಿ ಮತ್ತೊಮ್ಮೆ ವಿಚಾರಿಸಿದಾಗ, ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ನಿಜ ಸಂಗತಿಯನ್ನು ತಿಳಿಸಿದಳು: ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಆದುದರಿಂದ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದೇನೆ. ಆ ಮಗುವಿಗೆ ಕೆಲವೇ ತಿಂಗಳುಗಳಾಗಿದ್ದವು.

ಆ ದಿನದ ಫಜ್ರ್ ನಮಾಝ್‌ನಲ್ಲಿ ಅವರ ಪಾರಾಯಣವು ಅಳುವಿನಿಂದಾಗಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವೆಂದು ವರದಿಯಾಗಿದೆ. ತಮ್ಮ ನಿಯಮದಿಂದ ಎಷ್ಟು ಮಕ್ಕಳು ಪ್ರಾಣ ಕಳೆದುಕೊಂಡಿರಬಹುದೆಂದು ಅವರು ಪರಿತಪಿಸಿದರು. ಮಕ್ಕಳ ಹಾಲು ಬಿಡಿಸಲು ಆತುರಪಡಬೇಡಿರಿ, ಇನ್ನು ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆಯಿದೆ ಎಂದು ಸಾರಿಸಿ, ಎಲ್ಲ ಪ್ರಾಂತಗಳಿಗೂ ಆದೇಶ ಕಳುಹಿಸಿದರು. ಹುಟ್ಟಿದಾಗ 100 ದಿರ್ಹಮ್, ಬೆಳೆದಂತೆ 200 ದಿರ್ಹಮ್ ಎಂದು ವರದಿಗಳು ತಿಳಿಸುತ್ತವೆ.

ಸ್ತನ್ಯಪಾನವನ್ನು ಪೂರ್ತಿಗೊಳಿಸಬಯಸುವವರಿಗೆ ಕುರ್‌ಆನ್ ಎರಡು ಪೂರ್ಣ ವರ್ಷಗಳ ಅವಧಿಯನ್ನು ಸೂಚಿಸುತ್ತದೆ. ಸದುದ್ದೇಶದಿಂದಲೇ ರೂಪಿಸಿದ ನಿಯಮವೊಂದು ತಾಯಿಯನ್ನು ಅದಕ್ಕೆ ವಿರುದ್ಧವಾದ ದಿಕ್ಕಿಗೆ ತಳ್ಳಿತ್ತು. ಖಲೀಫರು ಆ ತಾಯಿಯನ್ನು ದೂರಲಿಲ್ಲ, ನಿಯಮವನ್ನು ತಿದ್ದಿದರು.

ಇನ್ನು ಬ್ರಿಟನ್ನಿನ ಪ್ರಸಂಗ. ಅಲ್ಲಿ 1909ರಲ್ಲಿ ಮಕ್ಕಳಿರುವವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯಿತು. ಆದರೆ ತೆರಿಗೆ ಕಟ್ಟುವಷ್ಟು ಸಂಪಾದನೆಯಿಲ್ಲದ ಬಡವನಿಗೆ ವಿನಾಯಿತಿಯಿಂದ ಏನೂ ದಕ್ಕುವಂತಿರಲಿಲ್ಲ. ಭತ್ಯೆಯು ತಾಯಿಯ ಕೈಗೇ ಸೇರಬೇಕೆಂದು ಎಲಿನಾರ್ ರ‍್ಯಾತ್‌ಬೋನ್ ಎಂಬ ಸಂಸತ್ ಸದಸ್ಯೆ ದಶಕಗಳ ಕಾಲ ಹೋರಾಡಿದರು. 1945ರ ಕುಟುಂಬ ಭತ್ಯೆ ಮಸೂದೆಯು ಮೊದಲು ಹಣವನ್ನು ತಂದೆಗೆ ಗೊತ್ತುಪಡಿಸಿತ್ತು. ಅವರ ಪ್ರಬಲ ವಿರೋಧದಿಂದಾಗಿ ಅದು ತಾಯಿಗೆ ಎಂದು ಬದಲಾಯಿತು. ಎರಡನೆಯ ಮಗುವಿನಿಂದ ಆರಂಭಿಸಿ ವಾರಕ್ಕೆ 5 ಶಿಲ್ಲಿಂಗ್‌ನಂತೆ ಪಾವತಿ ಆರಂಭವಾದುದು 1946ರ ಆಗಸ್ಟ್‌ನಲ್ಲಿ. ಅದನ್ನು ಕಣ್ಣಾರೆ ಕಾಣಲು ರ‍್ಯಾತ್‌ಬೋನ್ ಉಳಿದಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವರು ನಿಧನರಾಗಿದ್ದರು.

1975ರ ಕಾನೂನು ತಂದೆಯ ತೆರಿಗೆ ವಿನಾಯಿತಿಯನ್ನೂ ತಾಯಿಯ ಭತ್ಯೆಯನ್ನೂ ಒಂದುಗೂಡಿಸಿ ಚೈಲ್ಡ್ ಬೆನಿಫಿಟ್ ಎಂಬ ಹೊಸ ರೂಪವನ್ನು ನೀಡಿತು. 1977ರಿಂದ ಹಂತಹಂತವಾಗಿ ಜಾರಿಗೆ ಬಂದ ಇದು ಮೊದಲ ಮಗುವಿಗೂ ಅನ್ವಯಿಸಿತು. ತಂದೆ ಶ್ರೀಮಂತನಾಗಿದ್ದರೂ ಬಡವನಾಗಿದ್ದರೂ ಎಲ್ಲ ಮಕ್ಕಳಿಗೂ ಸಮಾನ ಭತ್ಯೆ ಎಂಬ ತತ್ವವು ಮೂರು ದಶಕಗಳಿಗೂ ಮಿಕ್ಕಿ ಉಳಿಯಿತು.

2013ರ ಜನವರಿ 7ರಂದು ಅದಕ್ಕೊಂದು ಷರತ್ತು ಸೇರಿಕೊಂಡಿತು. ದಂಪತಿಗಳಲ್ಲಿ ಹೆಚ್ಚು ಗಳಿಸುವವರ ಆದಾಯವು ವರ್ಷಕ್ಕೆ 50,000 ಪೌಂಡ್ ದಾಟಿದರೆ ಭತ್ಯೆಯ ಒಂದಂಶವನ್ನು ತೆರಿಗೆಯಾಗಿ ಹಿಂದಿರುಗಿಸಬೇಕು, 60,000 ತಲುಪಿದರೆ ಪೂರ್ತಿಯಾಗಿ. ಇಲ್ಲಿ ಲೆಕ್ಕಕ್ಕೆ ಬರುವುದು ಕುಟುಂಬದ ಆದಾಯವಲ್ಲ, ಒಬ್ಬ ವ್ಯಕ್ತಿಯ ಆದಾಯ. ಪತಿ ಪತ್ನಿ ತಲಾ 49,000 ಪೌಂಡ್ ಗಳಿಸುವ ಮನೆ ಪೂರ್ಣ ಭತ್ಯೆಯನ್ನು ಉಳಿಸಿಕೊಂಡಿತು. ಒಬ್ಬರೇ 60,000 ಗಳಿಸಿ ಇನ್ನೊಬ್ಬರು ಮಕ್ಕಳ ಪಾಲನೆಗಾಗಿ ಮನೆಯಲ್ಲಿದ್ದ ಕುಟುಂಬ ಎಲ್ಲವನ್ನೂ ಕಳೆದುಕೊಂಡಿತು.

ಇದಕ್ಕಿಂತಲೂ ದೊಡ್ಡ ನಷ್ಟ ಕಣ್ಣಿಗೆ ಕಾಣದಂತಿತ್ತು. ಹೇಗೂ ಹಿಂದಿರುಗಿಸಬೇಕಾದ ಹಣಕ್ಕೆ ಅರ್ಜಿಯೇಕೆ ಎಂದು ಅನೇಕ ಕುಟುಂಬಗಳು ಅರ್ಜಿಯನ್ನೇ ಸಲ್ಲಿಸಲಿಲ್ಲ. ಆದರೆ 12 ವರ್ಷದೊಳಗಿನ ಮಗುವಿಗಾಗಿ ಅರ್ಜಿ ಸಲ್ಲಿಸಿದವರಿಗೆ, ಅವರು ಹಣ ಪಡೆಯದಿದ್ದರೂ, ರಾಷ್ಟ್ರೀಯ ವಿಮೆಯ ಖಾತೆಯಲ್ಲಿ ಆ ವರ್ಷ ಜಮೆಯಾಗುತ್ತದೆ. ಅಲ್ಲಿ ಪೂರ್ಣ ಸರಕಾರಿ ಪಿಂಚಣಿಗೆ ಸಾಮಾನ್ಯವಾಗಿ 35 ವರ್ಷಗಳ ದಾಖಲೆ ಬೇಕು. ಅರ್ಜಿಯನ್ನೇ ಸಲ್ಲಿಸದೆ ಮನೆಯಲ್ಲಿ ಮಕ್ಕಳನ್ನು ಸಾಕಿದ ತಾಯಿಯ ಆ ವರ್ಷಗಳು ದಾಖಲೆಯಲ್ಲಿ ಖಾಲಿ ಉಳಿದವು. ಮದೀನದ ತಾಯಿ ಭತ್ಯೆಗಾಗಿ ಹಾಲು ಬಿಡಿಸಿದಳು. ಇಲ್ಲಿಯ ತಾಯಿ ತೆರಿಗೆಯ ಗೋಜು ಬೇಡವೆಂದು ಹೆಸರು ಬರೆಸದೆ ಉಳಿದಳು. ಎರಡು ಕಡೆಯೂ ನಿಯಮವು ಬಯಸಿರದ ನಷ್ಟ ಮನೆಯೊಳಗೆ ಸಂಭವಿಸಿತು.

2024ರ ಏಪ್ರಿಲ್‌ನಿಂದ ಮಿತಿಯನ್ನು 60,000ಕ್ಕೂ, ಭತ್ಯೆ ಪೂರ್ತಿ ಇಲ್ಲವಾಗುವ ಮಟ್ಟವನ್ನು 80,000ಕ್ಕೂ ಏರಿಸಲಾಯಿತು. ಕುಟುಂಬದ ಒಟ್ಟು ಆದಾಯವನ್ನು ಆಧಾರವಾಗಿಸುವ ಯೋಜನೆಯನ್ನು ಅದೇ ವರ್ಷ ಪ್ರಕಟಿಸಿ, ಅದೇ ವರ್ಷ ಕೈಬಿಡಲಾಯಿತು. ಆದುದರಿಂದ ಹಳೆಯ ತೊಡಕು ಉಳಿದೇ ಇದೆ.

ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದವರಿಗೆ ಈ ಇತಿಹಾಸವು ಪ್ರತಿವರ್ಷದ ಲೆಕ್ಕವೂ ಆಗಿದೆ. ಉದ್ಯೋಗದ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಸಾರ್ವಜನಿಕ ನಿಧಿಯ ಹಕ್ಕಿರುವುದಿಲ್ಲ. ಖಾಯಂ ವಾಸದ ಅನುಮತಿ ದೊರೆತ ಬಳಿಕ ಈ ಪ್ರಶ್ನೆ ಮನೆಗೆ ಬರುತ್ತದೆ. 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ನಂತರದ ಪ್ರತಿ ಮಗುವಿಗೆ 17.25 ಪೌಂಡ್. ಇಬ್ಬರು ಮಕ್ಕಳಿಗೆ 52 ವಾರಗಳಲ್ಲಿ 2,251.60 ಪೌಂಡ್ ಆಗುತ್ತದೆ. ಮಿತಿಯ ಮೇಲಿನ ಪ್ರತಿ 200 ಪೌಂಡ್‌ಗೆ ಭತ್ಯೆಯ ಶೇ. 1ರಂತೆ ಹಿಂದಿರುಗಿಸಬೇಕು. ಬಡ್ತಿ ದೊರೆತು ತಂದೆಯ ಆದಾಯ 65,000ಕ್ಕೇರಿದರೆ ಶೇ. 25, ಅಂದರೆ ಸುಮಾರು 562 ಪೌಂಡ್. ಮರುವರ್ಷ ಕೆಲಸದ ಅವಧಿ ಕಡಿಮೆಯಾಗಿ ಆದಾಯ 58,000ಕ್ಕಿಳಿದರೆ ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ಮೊದಲು ಪಾವತಿಯನ್ನು ನಿಲ್ಲಿಸಿದ್ದವರು ಆಗ ಅದನ್ನು ಪುನಃ ಕೇಳಿ ಪಡೆಯಬೇಕು. ಪಿಂಚಣಿ ನಿಧಿಗೆ ಕಟ್ಟಿದ ಹಣವನ್ನೂ ಗಿಫ್ಟ್ ಏಡ್ ಮೂಲಕ ನೀಡಿದ ದಾನವನ್ನೂ ಕಳೆದ ಬಳಿಕವೇ ಈ ಆದಾಯವನ್ನು ಗಣಿಸಲಾಗುತ್ತದೆ.

ಹೊಸದಾಗಿ ಈ ತೆರಿಗೆಯ ವ್ಯಾಪ್ತಿಗೆ ಬಂದು ವಿವರಪಟ್ಟಿ ಸಲ್ಲಿಸಬೇಕಾದವರು, ತೆರಿಗೆ ವರ್ಷ ಮುಗಿದ ನಂತರದ ಅಕ್ಟೋಬರ್ 5ರೊಳಗೆ ನೋಂದಾಯಿಸಿ, ಜನವರಿ 31ರೊಳಗೆ ಆನ್‌ಲೈನ್ ವಿವರಪಟ್ಟಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಬೇರಾವ ಕಾರಣಕ್ಕೂ ವಿವರಪಟ್ಟಿ ಬೇಕಿಲ್ಲದ ನೌಕರರು ಸಂಬಳದ ಮೂಲಕವೇ ಕಟ್ಟುವ ಅವಕಾಶ 2025ರಿಂದ ದೊರೆತಿದೆ. ಭತ್ಯೆ ಪತ್ನಿಯ ಖಾತೆಗೆ ಬಂದರೂ ತೆರಿಗೆಯ ಹೊಣೆ ಹೆಚ್ಚು ಗಳಿಸುವವರದ್ದೇ. ಪತಿಗೆ ಪತ್ನಿಯ ಭತ್ಯೆಯ ಅರಿವಿಲ್ಲದಿದ್ದರೆ, ಪತ್ನಿಗೆ ಪತಿಯ ಬಡ್ತಿಯ ಅರಿವಿಲ್ಲದಿದ್ದರೆ ದಂಡದ ಪತ್ರವೇ ಅವರಿಬ್ಬರಿಗೂ ಅದನ್ನು ತಿಳಿಸುತ್ತದೆ.

ಆದುದರಿಂದ ಎರಡು ಮಾತುಗಳನ್ನು ನಾವು ಮನದಲ್ಲಿಡಬೇಕು. ಮಗು ಹುಟ್ಟಿದೊಡನೆ ಅದರ ಹೆಸರನ್ನು ಬರೆಸಬೇಕು, ಹಣ ಬೇಡವಾದರೂ ಸರಿಯೇ. ತಡವಾದ ಅರ್ಜಿಗೆ ಹಿಂದಿನ ಮೂರು ತಿಂಗಳ ಭತ್ಯೆ ಮಾತ್ರ ದೊರೆಯುತ್ತದೆ. ಎರಡನೆಯದಾಗಿ, ಆದಾಯ ಬದಲಾದಾಗ ಅದು ಏರಿದರೂ ಇಳಿದರೂ ಪತಿ ಪತ್ನಿ ಒಟ್ಟಿಗೆ ಕುಳಿತು ಲೆಕ್ಕವನ್ನು ಮರಳಿ ನೋಡಬೇಕು, ತಿಳಿಸಬೇಕಾದುದನ್ನು ಪ್ರಾಮಾಣಿಕವಾಗಿ ತಿಳಿಸಬೇಕು. ಹಕ್ಕನ್ನು ಪಡೆಯುವುದು ದುರಾಸೆಯಲ್ಲ. ಹಿಂದಿರುಗಿಸಬೇಕಾದುದನ್ನು ಉಳಿಸಿಕೊಳ್ಳುವುದು ಜಾಣತನವೂ ಅಲ್ಲ.

ನಿಯಮ ಮಾಡುವವರಿಗೂ ಇಲ್ಲೊಂದು ಮಾತಿದೆ. ಮದೀನದ ಆ ರಾತ್ರಿ ಖಲೀಫರು ಒಂದಲ್ಲ, ಮೂರು ಬಾರಿ ಅದೇ ಅಳುವಿನ ಬಳಿಗೆ ಹೋದರು. ಮೂರನೆಯ ಬಾರಿ ಕೇಳಿದ್ದರಿಂದಲೇ ತಮ್ಮ ನಿಯಮದ ತಪ್ಪು ಅವರಿಗೆ ತಿಳಿಯಿತು.